ಕಾರ್ಡ್ ಇತ್ತು, ಹೆಸರಿರಲಿಲ್ಲ

2023ರ ಮೇ 10, ವಿಧಾನಸಭೆ ಚುನಾವಣೆಯ ದಿನ. ಹಾಸನದಲ್ಲಿ ಬೆಳಗ್ಗೆ ಏಳಕ್ಕೇ ಸಾಲಲ್ಲಿ ನಿಂತು ಓಟು ಹಾಕಿ, ಬೇಲೂರು ಬಸ್ ಹತ್ತಿದೆ. ಅಲ್ಲಿಂದ ಇನ್ನೊಂದು ಬಸ್ಸು, ಆಮೇಲೆ ಆಟೋ. ಚಿಕ್ಕಮಗಳೂರು ಜಿಲ್ಲೆಯ ಘಟ್ಟದ ಕಡೆ ಇರುವ ನಮ್ಮೂರು ಮುಟ್ಟುವಾಗ ಹನ್ನೊಂದು ದಾಟಿತ್ತು. ಅಮ್ಮ ಆಗಲೇ ರೆಡಿಯಾಗಿ ಜಗಲಿ ಮೇಲೆ ಕೂತಿದ್ದಳು. ಹಸಿರು ಅಂಚಿನ ಸೀರೆ, ಕೈಯಲ್ಲಿ ಕೋಲು, ಮಡಿಲಲ್ಲಿ ಎಲೆ ಅಡಿಕೆ ಸಂಚಿ. ಅವಳ ಓಟಿನ ಕಾರ್ಡ್ ಇರೋದು ಆ ಸಂಚಿಯಲ್ಲೇ. ಮುಖ್ಯ ಚುನಾವಣಾ ಆಯುಕ್ತರಾಗಿದ್ದ ಶೇಷನ್ ಕಾಲದ ಕಾರ್ಡ್ ಅದು. ಕಪ್ಪು ಬಿಳುಪು ಫೋಟೋ, ಅಂಚು ಬಿಟ್ಟ ಲ್ಯಾಮಿನೇಷನ್, ಒಂದು ಮೂಲೆಯಲ್ಲಿ ಸುಣ್ಣದ ಕಲೆ. ನಂಬರೂ ಹಳೇ ಕಾಲದ್ದು: ಕೆಟಿ ಅಂತ ಶುರುವಾಗಿ ಮಧ್ಯೆ ಮಧ್ಯೆ ಗೀಟು. ಈಗಿನ ಕಾರ್ಡುಗಳಲ್ಲಿ ಮೂರು ಇಂಗ್ಲಿಷ್ ಅಕ್ಷರ, ಏಳು ಅಂಕಿ ಇರುತ್ತವೆ.

ಮತಗಟ್ಟೆ ನಮ್ಮೂರಿನ ಪ್ರೈಮರಿ ಶಾಲೆ. ನಾನು ಮಗ್ಗಿ ಕಲಿತ ರೂಮು. ಸಾಲು ಇರಲಿಲ್ಲ. ಅಮ್ಮ ಕೋಲು ಊರಿಕೊಂಡು ಒಳಗೆ ಹೋದಳು, ನಾನು ಬಾಗಿಲ ಹೊರಗೆ ನಿಂತೆ. ಮೊದಲ ಟೇಬಲ್ಲಿನವರು ಕಾರ್ಡ್ ತಿರುಗಿಸಿ ನೋಡಿದರು. ಪಟ್ಟಿಯ ಹಾಳೆ ಮಗುಚಿದರು. ಮತ್ತೆ ಮಗುಚಿದರು. ಆಮೇಲೆ ಬೆರಳು ಒಂದು ಕಡೆ ನಿಂತಿತು.

"ಅಮ್ಮಾ, ನಿಮ್ಮ ಹೆಸರು ತೆಗೆದಿದ್ದಾರಲ್ಲ."

"ಯಾರು ತೆಗೆದಿದ್ದು? ನಾನು ಇಲ್ಲೇ ಇದೀನಲ್ಲಪ್ಪ."

ಅಮ್ಮನ ಈ ಮಾತಿಗೆ ಆ ರೂಮಲ್ಲಿದ್ದ ಯಾರ ಹತ್ತಿರವೂ ಉತ್ತರ ಇರಲಿಲ್ಲ. ಮತಗಟ್ಟೆ ಅಧಿಕಾರಿ ಒಳ್ಳೆಯವರು. ನನ್ನನ್ನು ಬಾಗಿಲ ಹತ್ತಿರ ಕರೆದು ಹಾಳೆ ತೋರಿಸಿದರು. ಅಮ್ಮನ ಹೆಸರು, ಅಪ್ಪನ ಹೆಸರು, ಮನೆ ನಂಬರು ಎಲ್ಲ ಇರುವ ಚೌಕ. ಅದರ ಮೇಲೆ ಅಡ್ಡಡ್ಡಲಾಗಿ 'ಡಿಲೀಟೆಡ್' ಅಂತ ಬಿದ್ದಿತ್ತು. ಕ್ರಮಸಂಖ್ಯೆ ಪಕ್ಕ ಒಂದು ಎಸ್. ಎಸ್ ಅಂದರೆ ಶಿಫ್ಟೆಡ್, ಊರು ಬಿಟ್ಟವರು. ಸತ್ತವರಿಗೆ ಇ. ಎರಡೆರಡು ಕಡೆ ಹೆಸರಿದ್ದವರಿಗೆ ಆರ್. ಅಮ್ಮನಿಗೆ ಇ ಬಿದ್ದಿರಲಿಲ್ಲ ಅನ್ನೋದೇ ಪುಣ್ಯ ಅಂದುಕೊಂಡೆ.

ಹೊರಗೆ ನಿಂತಿದ್ದ ಹುಡುಗನೊಬ್ಬ ಮೊಬೈಲ್ ಹಿಡಿದು ಓಡಿ ಬಂದ. "ಅಕ್ಕಾ, ಹೆಸರಿಲ್ಲದಿದ್ರೂ ಆಧಾರ್ ತೋರಿಸಿ ಚಾಲೆಂಜ್ ಓಟ್ ಕೇಳಬಹುದಂತೆ, ವಾಟ್ಸಾಪಲ್ಲಿ ಬಂದಿದೆ ನೋಡಿ." ಪ್ರತಿ ಚುನಾವಣೆಗೂ ಎದ್ದು ಬರುವ ಮೆಸೇಜ್ ಅದು. ಶುದ್ಧ ಸುಳ್ಳು. ಚಾಲೆಂಜ್ ಅನ್ನೋದು ಬೇರೆಯೇ. ಪಟ್ಟಿಯಲ್ಲಿ ಹೆಸರಿರುವವರು ಬಂದಾಗ ಪಾರ್ಟಿ ಏಜೆಂಟು "ಇವರು ಅವರಲ್ಲ" ಅಂತ ತಕರಾರು ತೆಗೆಯೋದು. ಅದಕ್ಕೆ ಏಜೆಂಟು 2 ರೂಪಾಯಿ ಠೇವಣಿ ಇಡಬೇಕು. ಟೆಂಡರ್ಡ್ ಓಟು ಅಂತ ಇನ್ನೊಂದಿದೆ. ನಾವು ಹೋಗುವಷ್ಟರಲ್ಲಿ ನಮ್ಮ ಹೆಸರಲ್ಲಿ ಬೇರೆ ಯಾರೋ ಓಟು ಹಾಕಿ ಹೋಗಿದ್ದರೆ, ನಮಗೆ ಮಷೀನ್ ಬದಲು ಕಾಗದದ ಮತಪತ್ರ ಕೊಟ್ಟು ಅದನ್ನು ಕವರಲ್ಲಿ ಬೇರೆ ಇಡುತ್ತಾರೆ. ಎರಡಕ್ಕೂ ಪಟ್ಟಿಯಲ್ಲಿ ಹೆಸರಿರಲೇಬೇಕು. ಇದೆಲ್ಲ ನನಗೆ ಗೊತ್ತಾಗಿದ್ದು ಆಮೇಲೆ. ಅವತ್ತು ಆ ಹುಡುಗನ ಮಾತು ನಂಬಿ ಅಧಿಕಾರಿ ಹತ್ತಿರ ಐದು ನಿಮಿಷ ವಾದ ಮಾಡಿದ್ದೆ. ಅವರು ಪಾಪ, ತಾಳ್ಮೆಯಿಂದ ಕೇಳಿಸಿಕೊಂಡರು.

ಮನೆಗೆ ವಾಪಸ್ ನಡೆಯುವಾಗ ಅಮ್ಮ ಮಾತಾಡಲಿಲ್ಲ. ಎದುರು ಸಿಕ್ಕವರು "ಆಯ್ತಾ ಓಟು?" ಅಂದರೆ ಎಡಗೈಯನ್ನು ಸೆರಗಿನೊಳಗೆ ಎಳೆದುಕೊಂಡು "ಹೂಂ" ಅಂತಿದ್ದಳು.

ಮೂರು ದಿನಕ್ಕೆ ಫಲಿತಾಂಶ ಬಂತು. ನಮ್ಮ ಜಿಲ್ಲೆಯ ಶೃಂಗೇರಿಯಲ್ಲಿ ಗೆಲುವಿನ ಅಂತರ 201 ಓಟು. 2004ರಲ್ಲಿ ಸಂತೇಮರಹಳ್ಳಿಯಲ್ಲಿ ಒಬ್ಬ ಅಭ್ಯರ್ಥಿ ಒಂದೇ ಒಂದು ಓಟಲ್ಲಿ ಸೋತದ್ದು ಹಳೇ ಕಥೆ, ಎಲ್ಲರಿಗೂ ಗೊತ್ತು. ನಮ್ಮ ಬೂತಿನಲ್ಲೇ ಅಮ್ಮನ ಥರ ಇನ್ನೂ ಕೆಲವರ ಚೌಕದ ಮೇಲೆ ಅಡ್ಡ ಅಕ್ಷರ ಬಿದ್ದಿದ್ದನ್ನು ನೋಡಿದ್ದೆ. ಅದರಲ್ಲಿ ಸರಿಯಾದ್ದು ಎಷ್ಟು, ತಪ್ಪಾದ್ದು ಎಷ್ಟು ಅಂತ ತಲೆಯಲ್ಲಿ ಕೊರೀತಾ ಇತ್ತು.

ಈಗ ಹಿಂದಿನ ವರ್ಷದ ಕಥೆ ಹೇಳಬೇಕು. 2022ರ ಜುಲೈ. ಮಳೆ ಹಿಡಿದಿತ್ತು. ಅಂಗಳದ ಪಾಚಿ ಮೇಲೆ ಕಾಲು ಜಾರಿ ಅಮ್ಮ ಬಿದ್ದಳು, ಸೊಂಟದ ಮೂಳೆ ಮುರಿಯಿತು. ಹಾಸನಕ್ಕೆ ಕರೆದುಕೊಂಡು ಹೋಗಿ ಆಪರೇಷನ್ ಮಾಡಿಸಿದೆವು. ಆಮೇಲೆ ನಮ್ಮ ಮನೆಯಲ್ಲೇ ಇದ್ದಳು. ವಾಕರ್ ಹಿಡಿದು ನಡೆಯೋಕೇ ಮೂರು ತಿಂಗಳಾಯಿತು. ಊರಿನ ಮನೆಗೆ ಬೀಗ. ಕೋಳಿ ಪಕ್ಕದ ಮನೆಗೆ, ಹಸು ನಮ್ಮ ಚಿಕ್ಕಪ್ಪನ ಮನೆಗೆ. 2023ರ ಫೆಬ್ರವರಿಯಲ್ಲಿ, "ಇನ್ನು ಒಂದು ದಿನವೂ ಇಲ್ಲಿರಲ್ಲ, ಬಚ್ಚಲ ಹಂಡೆ ಕಾಣದೆ ಸ್ನಾನ ಮಾಡಿದ ಹಾಗೇ ಆಗಲ್ಲ" ಅಂತ ಜಗಳ ಮಾಡಿ ಊರಿಗೆ ಹೋದಳು.

ಆ ಏಳು ತಿಂಗಳಲ್ಲೇ ಪಟ್ಟಿ ಪರಿಷ್ಕರಣೆ ಆಗಿದ್ದು. ಓಟಿನ ಮಾರನೇ ದಿನ, ನಮ್ಮ ಬೂತಿನ ಮತದಾರರ ಪಟ್ಟಿ ನೋಡಿಕೊಳ್ಳುವ ಬಿಎಲ್‌ಒ ಮನೆಗೆ ಹೋದೆ. ಅಂಗನವಾಡಿ ಟೀಚರ್. ನನಗಿಂತ ಚಿಕ್ಕವರು, ಅಮ್ಮನನ್ನು ದೊಡ್ಡಮ್ಮ ಅಂತ ಕರೆಯುವವರು. ನನ್ನ ಮುಖ ನೋಡಿದ ತಕ್ಷಣ ಅವರಿಗೆ ಗೊತ್ತಾಯಿತು.

"ಅಕ್ಕಾ, ಎರಡು ಸಲ ಬಂದಿದ್ದೆ. ಬೀಗ ಇತ್ತು. ಪಕ್ಕದಲ್ಲಿ ಕೇಳಿದೆ. ಮಗಳ ಮನೆಗೆ ಹಾಸನಕ್ಕೆ ಹೋದ್ರು, ಇನ್ನು ಅಲ್ಲೇ ಇರ್ತಾರಂತೆ ಅಂದ್ರು. ನಾನು ಏನ್ ಬರೀಲಿ ಹೇಳಿ?"

ನಾನು ಬೈಯೋಕೆ ಅಂತಲೇ ಹೋಗಿದ್ದವಳು. ಆದರೆ ಅವರ ಟೇಬಲ್ ಮೇಲೆ ಮಕ್ಕಳ ತೂಕದ ರಿಜಿಸ್ಟರ್, ಮೊಟ್ಟೆಯ ಲೆಕ್ಕ, ಗರ್ಭಿಣಿಯರ ಪಟ್ಟಿ, ಅದರ ಅಡಿಯಲ್ಲಿ ಮತದಾರರ ಪಟ್ಟಿ. ಗುಡ್ಡದ ಮೇಲೊಂದು ಕೆಳಗೊಂದು ಇರುವ ಮನೆಗಳನ್ನೆಲ್ಲ ಈ ಹೆಣ್ಣುಮಗಳು ಮಳೆಯಲ್ಲಿ ಕೊಡೆ ಹಿಡಿದು ಸುತ್ತಬೇಕು. ಅದಕ್ಕೆ ಸಿಗುವ ಗೌರವಧನ ಹೇಳಿಕೊಳ್ಳುವಂಥದ್ದಲ್ಲ. ಕಾಫಿ ಕೊಟ್ಟರು, ಕುಡಿದು ಬಂದೆ.

"ನೋಟಿಸ್ ಹೋಗಿರುತ್ತೆ ಅಕ್ಕ, ಪೋಸ್ಟಲ್ಲಿ" ಅಂತ ಹೊರಡುವಾಗ ಅಂದಿದ್ದರು. ಮನೆಗೆ ಬಂದು ಹುಡುಕಿದೆ. ಇತ್ತು. ಪಕ್ಕದ ಮನೆಯವರು ಪೋಸ್ಟಿನವರಿಂದ ಇಸಿದುಕೊಂಡು, ಕರೆಂಟ್ ಬಿಲ್ಲುಗಳ ಜೊತೆ ಹಿತ್ತಿಲ ಕಿಟಕಿಯ ಸರಳಿಗೆ ಸಿಕ್ಕಿಸಿದ್ದರು. ಮಳೆ ನೀರು ಕುಡಿದು, ಒಣಗಿ, ಹಪ್ಪಳದ ಹಾಗಾಗಿತ್ತು. ಒಂದು ಅಂಚನ್ನು ಗೆದ್ದಲು ತಿಂದಿತ್ತು. ಬಿಡಿಸಿದರೆ ನಾಲ್ಕೇ ಸಾಲು. ನಿಮ್ಮ ಹೆಸರು ತೆಗೆಯುವ ಬಗ್ಗೆ ಆಕ್ಷೇಪಣೆ ಇದ್ದರೆ ಇಂಥ ದಿನ ಇಂಥ ಹೊತ್ತಿಗೆ ಹಾಜರಾಗಿ. ಆ ದಿನ ಅಮ್ಮ ಹಾಸನದ ನಮ್ಮ ಮನೆಯ ಹಾಲ್‌ನಲ್ಲಿ ವಾಕರ್ ಹಿಡಿದು ಹೆಜ್ಜೆ ಎಣಿಸುತ್ತಿದ್ದಳು.

ಅಂದರೆ ಎಲ್ಲ ರೂಲ್ಸ್ ಪ್ರಕಾರವೇ ನಡೆದಿತ್ತು. ಮನೆಗೆ ಬಂದಿದ್ದರು, ವಿಚಾರಿಸಿದ್ದರು, ನೋಟಿಸ್ ಕಳಿಸಿದ್ದರು. ಕಾಗದದಲ್ಲಿ ಎಲ್ಲಿಯೂ ತಪ್ಪಿಲ್ಲ. ನನ್ನ ಸಿಟ್ಟು ಯಾರ ಮೇಲೆ ಹಾಕಬೇಕು ಅಂತಲೇ ತಿಳಿಯಲಿಲ್ಲ.

ಹಾಸನದಲ್ಲಿ ನಮ್ಮ ಪಕ್ಕದ ಬೀದಿಯಲ್ಲಿ ಒಬ್ಬರು ವಕೀಲರಿದ್ದಾರೆ. ಅವರು ಕಾನೂನು ಪುಸ್ತಕ ತೆಗೆದು ಕೂತರು. 1950ರ ಪ್ರಜಾಪ್ರತಿನಿಧಿ ಕಾಯ್ದೆಯ 20ನೇ ಕಲಂ ಓದಿ ಹೇಳಿದರು. ಒಂದು ಊರಲ್ಲಿ ಮನೆ ಇದೆ ಅಂದ ಮಾತ್ರಕ್ಕೆ ಅಲ್ಲಿಯ ವಾಸಿ ಆಗಲ್ಲ. ಹಾಗೆಯೇ ಸ್ವಲ್ಪ ಕಾಲ ಊರು ಬಿಟ್ಟು ಹೋದರು ಅಂದ ಮಾತ್ರಕ್ಕೆ ಅಲ್ಲಿಯ ವಾಸಿ ಅಲ್ಲ ಅಂತಲೂ ಆಗಲ್ಲ. ಅಮ್ಮನ ಕೇಸು ಎರಡನೇ ಸಾಲಿಗೆ ಅಳತೆ ತೆಗೆದು ಹೊಲಿದ ಹಾಗಿತ್ತು. ಇನ್ನೊಂದು, 1995ರಲ್ಲಿ ಲಾಲ್ ಬಾಬು ಹುಸೇನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು: ಈಗಾಗಲೇ ಪಟ್ಟಿಯಲ್ಲಿರುವವರ ಹೆಸರನ್ನು, ಕಾರಣ ತಿಳಿಸಿ ಅವರ ಮಾತು ಕೇಳದೆ ತೆಗೆಯೋ ಹಾಗಿಲ್ಲ. ಅಮ್ಮನ ಕಾರ್ಡಿನ ಮೇಲಿರುವ ವರ್ಷವೂ 1995.

"ಮತ್ತೆ ಅಪೀಲು ಹಾಕೋಣ್ವಾ ಸಾರ್?"

"ಡಿಸಿ ಹತ್ತಿರ ಹಾಕಬೇಕಿತ್ತು ಕಣಮ್ಮ. ಆರ್ಡರ್ ಆದ 15 ದಿನದೊಳಗೆ. ಈಗ ಹೊಸದಾಗಿ ಅರ್ಜಿ ಹಾಕೋದೇ ಬೇಗ ಆಗೋ ದಾರಿ."

ಆ ಹೊಸ ಅರ್ಜಿಯಲ್ಲಿ ನಾನು ಮೊದಲು ಮಾಡಿದ್ದು ಶುದ್ಧ ದಡ್ಡತನ. ಹೆಸರು ತಪ್ಪಾಗಿ ಹೋಗಿದೆ, ಸರಿಪಡಿಸಬೇಕು, ಅಂದ ಮೇಲೆ ತಿದ್ದುಪಡಿ ಅರ್ಜಿ ಅಲ್ವಾ ಅಂತ ಫಾರಂ 8 ತುಂಬಿದೆ. ರಿಜೆಕ್ಟ್. ಫಾರಂ 8 ಇರೋದು ಪಟ್ಟಿಯಲ್ಲಿ ಇರುವವರಿಗೆ: ವಿಳಾಸ ಬದಲು, ಹೆಸರಿನ ಅಕ್ಷರ ತಪ್ಪು, ಕಾರ್ಡ್ ಕಳೆದಿದೆ, ಇಂಥವಕ್ಕೆ. ಫಾರಂ 7 ತೆಗೆಸೋಕೆ. ಸೇರೋಕೆ ಫಾರಂ 6. ಅಮ್ಮನ ಹೆಸರು ಪಟ್ಟಿಯಲ್ಲೇ ಇಲ್ಲವಾದ್ದರಿಂದ ಅವಳು ಈಗ ಹೊಸ ಮತದಾರಳು. ಎಪ್ಪತ್ತೊಂದು ವರ್ಷದ ಹೊಸ ಮತದಾರಳು! ಆ್ಯಪ್ ತೆರೆದರೆ ಕಾಲೇಜು ಹುಡುಗ ಹುಡುಗಿಯರ ಚಿತ್ರ. ಅಮ್ಮನಿಗೆ ತೋರಿಸಿದೆ. "ಇದ್ರಲ್ಲಿ ನಾನು ಯಾರು?" ಅಂದಳು.

ಜುಲೈನಲ್ಲಿ ಹಾಸನದಿಂದಲೇ ಮೊಬೈಲಲ್ಲಿ ಫಾರಂ 6 ಹಾಕಿದೆ. ಆಗಸ್ಟಲ್ಲಿ ಅದೂ ವಾಪಸ್, ದಾಖಲೆ ಸ್ಪಷ್ಟ ಇಲ್ಲ ಅಂತ. ಟ್ಯೂಬ್‌ಲೈಟ್ ಕೆಳಗೆ ತೆಗೆದ ಫೋಟೋ, ಆಧಾರಿನ ಮೇಲೆ ಬಿಳೀ ಪಟ್ಟೆ ಬಿದ್ದಿತ್ತು. ನನ್ನದೇ ತಪ್ಪು. ಆದರೆ ಆ ಒಂದು ಪಟ್ಟೆಗೆ ಆರು ವಾರ ಹೋಯಿತು.

ಅಷ್ಟರಲ್ಲಿ ಒಬ್ಬರು ಪರಿಚಯದವರು, ಆಫೀಸುಗಳ ಒಳಹೊರಗು ಬಲ್ಲವರು, ಬುದ್ಧಿ ಹೇಳಿದರು. "ಸುಮ್ನೆ ಯಾಕೆ ಓಡಾಡ್ತೀರಿ? ಹಾಸನದಲ್ಲೇ ನಿಮ್ಮ ಅಡ್ರೆಸ್ಸಿಗೆ ಹಾಕ್ಸಿಬಿಡಿ. ವಾರದಲ್ಲಿ ಆಗುತ್ತೆ." ನನಗೂ ಸರಿ ಅನ್ನಿಸಿತು. ಅಮ್ಮನಿಗೆ ಫೋನ್ ಮಾಡಿದೆ.

"ಹಾಸನದಲ್ಲಿ ನಿಂತವ್ರು ನಂಗೆ ಗೊತ್ತಾ? ಅವ್ರಿಗೆ ನಾನು ಗೊತ್ತಾ? ನಮ್ಮನೆ ಮುಂದಿನ ಮೋರಿ ಕಟ್ಟಿಸಿಲ್ಲ ಅಂತ ಬೈಬೇಕಾದ್ರೆ ಯಾರನ್ನ ಬೈಲಿ? ನನ್ನ ಓಟು ನನ್ನೂರಲ್ಲಿ ಕಣೇ."

ಕಾನೂನಿನ ಪ್ರಕಾರವೂ ಅಮ್ಮನದೇ ಸರಿ. ಅವಳು ವಾಸ ಇರೋದು ಊರಲ್ಲಿ. ಹಾಸನದ ವಿಳಾಸ ಕೊಟ್ಟರೆ ಅದು ಸುಳ್ಳು ಘೋಷಣೆ. ಸುಳ್ಳು ಘೋಷಣೆಗೆ ಒಂದು ವರ್ಷದವರೆಗೆ ಜೈಲು, ದಂಡ ಅಂತ ಅದೇ ಕಾಯ್ದೆಯ 31ನೇ ಕಲಂ ಇದೆ. ಫಾರಂ ಕೊನೆಯಲ್ಲಿ ಸಣ್ಣಕ್ಷರದಲ್ಲಿ ಬರೆದಿರುತ್ತಾರೆ, ಯಾರೂ ಓದಲ್ಲ.

ಸರಿ, ಅಕ್ಟೋಬರಲ್ಲಿ ಕಾಗದದ ಫಾರಂ ತುಂಬಿ ಟೀಚರ್ ಕೈಗೇ ಕೊಟ್ಟೆ. ಅವರು ಈ ಸಲ ಅಮ್ಮನನ್ನು ಅಂಗಳದಲ್ಲಿ ನಿಲ್ಲಿಸಿ ಫೋಟೋ ತೆಗೆದರು. ಹಿಂದೆ ಬಿಳೀ ಪಂಚೆ ಹಿಡಿದಿದ್ದು ನಾನು. "ದೊಡ್ಡಮ್ಮ, ಇನ್ನು ಊರು ಬಿಟ್ಟು ಹೋಗೋದಾದ್ರೆ ನಂಗೆ ಹೇಳಿ ಹೋಗಿ" ಅಂದರು. ಅಮ್ಮ, "ಬೀಳೋದಕ್ಕೆ ಮುಂಚೆ ಹೇಳ್ತೀನಿ ತಗೋ" ಅಂದಳು. ಇಬ್ಬರಿಗೂ ನಗು.

ನವೆಂಬರಲ್ಲಿ ತಾಲ್ಲೂಕು ಕಚೇರಿಗೆ ವಿಚಾರಣೆಗೆ ಕರೆ ಬಂತು. ವಯಸ್ಸಿನ ಬಗ್ಗೆ ಅನುಮಾನವಂತೆ. ಹಳೇ ಕಾರ್ಡಲ್ಲಿ 1-1-1995ಕ್ಕೆ ವಯಸ್ಸು 39. ಆಧಾರಲ್ಲಿ ಹುಟ್ಟಿದ ದಿನ 1952ರ ಜನವರಿ 1. ನಾಲ್ಕು ವರ್ಷ ವ್ಯತ್ಯಾಸ. ನಮ್ಮ ಕಡೆ ಅಮ್ಮನ ಓರಗೆಯವರು ಊರಿಗೆ ಊರೇ ಜನವರಿ ಒಂದಕ್ಕೆ ಹುಟ್ಟಿದ್ದಾರೆ. ಆಧಾರ್ ಮಾಡುವ ಹುಡುಗ "ತಾರೀಕು ಗೊತ್ತಿಲ್ವಾ? ಸರಿ" ಅಂತ ಒತ್ತಿದ್ದು. ಸಾಲದ್ದಕ್ಕೆ ಹೆಸರಿನ ಕೊನೆಯ 'ಮ್ಮ' ಕಾರ್ಡಲ್ಲಿದೆ, ಆಧಾರಲ್ಲಿಲ್ಲ. ರೇಷನ್ ಕಾರ್ಡಲ್ಲಿ ಇದೆ, ಬ್ಯಾಂಕ್ ಪಾಸ್‌ಬುಕ್ಕಲ್ಲಿ ಇಲ್ಲ.

ಕಚೇರಿ ವರಾಂಡದಲ್ಲಿ ಎರಡು ಗಂಟೆ ಕಾಯಿಸಿದರು. ಅಮ್ಮನಿಗೆ ಕಾಯೋದು ಬೇಜಾರಿಲ್ಲ, ಮಾತಿಗೆ ಜನ ಸಿಕ್ಕರೆ ಸಾಕು. ಪಕ್ಕದಲ್ಲಿ ಒಬ್ಬ ಹೆಂಗಸು ಕೂತಿದ್ದರು. ಮೂವತ್ತೈದು ಇರಬಹುದು. ಕೈಬೆರಳೆಲ್ಲ ಕಾಫಿ ಹಣ್ಣಿನ ಅಂಟಿಗೆ ಕಪ್ಪಾಗಿತ್ತು. ಆಗಷ್ಟೇ ಕುಯ್ಲು ಶುರುವಾಗಿತ್ತು, ಅವತ್ತಿನ ಕೂಲಿ ಬಿಟ್ಟು ಬಂದಿದ್ದರು. ಅವರ ಕಾರ್ಡಿನಲ್ಲಿ ಸಕಲೇಶಪುರ ಕಡೆಯ ಎಸ್ಟೇಟಿನ ವಿಳಾಸ. ಈ ಕಡೆ ತೋಟದ ಲೈನಿಗೆ, ಅಂದರೆ ಕೂಲಿಯವರ ಸಾಲುಮನೆಗೆ, ಬಂದು ನಾಲ್ಕು ವರ್ಷವಾಗಿತ್ತು.

"ಇಲ್ಲಿಗೆ ಬದಲಾಯಿಸೋಕೆ ಹಾಕಿದ್ದೆ ಅಕ್ಕ. ಲೈನ್ ಮನೆಗೆ ಏನ್ ಕಾಗ್ದ ಇರುತ್ತೆ? ತೋಟದ ಲೆಕ್ಕ ಬರೆಯೋ ರೈಟರ್ ಹತ್ರ ಬರ್ಕೊಡಿ ಅಂದ್ರೆ ಸಾಹುಕಾರ್ರನ್ನ ಕೇಳಿ ಅಂತಾರೆ. ಸಾಹುಕಾರ್ರು, ಆಮೇಲೆ ಮನೆ ನಂದೇ ಅಂತೀರಾ ಅಂತಾರೆ. ಬಿಎಲ್‌ಒ ಮೇಡಂ ನೋಡೋಕೆ ಬಂದಿದ್ರಂತೆ. ಹಗಲು ಹೊತ್ತು ಲೈನಲ್ಲಿ ಯಾರಿರ್ತಾರೆ? ಎಲ್ಲ ತೋಟದಲ್ಲಿ."

ಅಲ್ಲೂ ಬೀಗ. ಅಮ್ಮ ಅವರ ಕೈ ಹಿಡಿದುಕೊಂಡು, "ನಂದೂ ಅದೇ ಕಣಮ್ಮ" ಅಂದಳು. ಅದೇ ಅಲ್ಲ ಅಂತ ನನಗೆ ಗೊತ್ತಿತ್ತು. ಅಮ್ಮನಿಗೆ ಪಹಣಿ ಇದೆ, ಮನೆ ಕಂದಾಯದ ರಸೀತಿ ಇದೆ, ಬಸ್ ಹತ್ತಿ ಬರುವ ಮಗಳಿದ್ದಾಳೆ. ಅವರಿಗೆ ಒಂದು ದಿನದ ಕೂಲಿ ಹೋದರೆ ಹೋದ ಹಾಗೇ. ಎಲ್ಲರಿಗೂ ಒಂದೇ ಕಾನೂನು ಅಂತೀವಿ. ಆ ಬೆಂಚಿನ ಮೇಲೆ ಕೂತು ನೋಡಿದರೆ ಒಂದೇ ಥರ ಕಾಣಲ್ಲ.

ಆದರೂ ಕಾಗದ ಇಲ್ಲದವರಿಗೆ ದಾರಿ ಇಟ್ಟಿದ್ದಾರೆ. ವಿಳಾಸಕ್ಕೆ ದಾಖಲೆ ಇಲ್ಲದಿದ್ದರೆ ಬಿಎಲ್‌ಒ ಸ್ಥಳಕ್ಕೆ ಹೋಗಿ ನೋಡಿ ಬರೆಯಬೇಕು. ಮನೆಯೇ ಇಲ್ಲದವರದ್ದಾದರೆ ಅವರು ಮಲಗುವ ಜಾಗಕ್ಕೆ ರಾತ್ರಿ ಹೊತ್ತು ಹೋಗಿ, ನಿಜವಾಗಿ ಅಲ್ಲೇ ಮಲಗುತ್ತಾರಾ ಅಂತ ನೋಡಬೇಕು ಅನ್ನುವ ಸೂಚನೆಯೂ ಚುನಾವಣಾ ಆಯೋಗದ್ದಿದೆ. ಫುಟ್‌ಪಾತಲ್ಲಿ ಮಲಗುವವರಿಗೆ ರಾತ್ರಿ ಹೋಗಬಹುದಾದರೆ ಲೈನಿಗೆ ಸಂಜೆ ಆರಕ್ಕೆ ಹೋಗೋಕೆ ಏನು ಕಷ್ಟ? ಒಳಗೆ ಅಧಿಕಾರಿ ಹತ್ತಿರ ಅವರ ಪರವಾಗಿ ಇದನ್ನೇ ಕೇಳಿದೆ. ನನ್ನ ಕೆಲಸ ಅಲ್ಲ, ಆದರೂ ಕೇಳಿದೆ. ಅಧಿಕಾರಿ ಒಂದು ಕ್ಷಣ ನೋಡಿ, ಫೋನ್ ಎತ್ತಿ ಆ ಬೂತಿನವರಿಗೆ "ಸಂಜೆ ಹೋಗಿಬನ್ನಿ" ಅಂದರು. ಅಷ್ಟೇ. ಆ ಹೆಂಗಸಿನ ಹೆಸರು ಬಂತೋ ಇಲ್ಲವೋ ತಿಳಿಯಲಿಲ್ಲ. ಫೋನ್ ನಂಬರ್ ಇಸ್ಕೊಳ್ಳಬೇಕಿತ್ತು, ಮರೆತೆ. ಈಗಲೂ ಬೇಜಾರಿದೆ.

ಆಮೇಲೆ ಅಮ್ಮನ ಸರದಿ.

"ಅಜ್ಜಿ, ನೀವು ಹುಟ್ಟಿದ್ದು ಯಾವಾಗ?"

"ದೊಡ್ಡ ಮಳೆ ಬಂದ ವರ್ಷ ಅಂತ ನಮ್ಮವ್ವ ಹೇಳೋರು ಸ್ವಾಮಿ."

"ಮಲೆನಾಡಲ್ಲಿ ದೊಡ್ಡ ಮಳೆ ಬರದ ವರ್ಷ ಯಾವ್ದಿದೆ ಅಜ್ಜಿ?"

ಅಮ್ಮ ಸೋಲೋಳಲ್ಲ. "ಇಂದಿರಮ್ಮ ನಿಂತಾಗ ಓಟು ಹಾಕಿದೀನಿ. ಲೆಕ್ಕ ಹಾಕ್ಕೊಳ್ಳಿ" ಅಂದಳು.

1978ರ ನವೆಂಬರ್. ಚಿಕ್ಕಮಗಳೂರು ಲೋಕಸಭಾ ಉಪಚುನಾವಣೆ. ದಾರದಹಳ್ಳಿಯ ಡಿ.ಬಿ. ಚಂದ್ರೇಗೌಡರು ಬಿಟ್ಟುಕೊಟ್ಟ ಸೀಟಿಗೆ ಇಂದಿರಾ ಗಾಂಧಿ ಬಂದು ನಿಂತರು, ಎದುರಿಗೆ ವೀರೇಂದ್ರ ಪಾಟೀಲರು. ದೇಶದ ಪತ್ರಕರ್ತರೆಲ್ಲ ನಮ್ಮ ಜಿಲ್ಲೆಯ ಕೆಂಪು ಮಣ್ಣಿನ ರಸ್ತೆಗಳಲ್ಲಿ ಓಡಾಡಿದ್ದ ಕಾಲ. ಚಂದ್ರೇಗೌಡರು ತೀರಿಕೊಂಡಿದ್ದು ಇದೇ 2023ರ ನವೆಂಬರಲ್ಲೇ, ಆ ವರಾಂಡದಲ್ಲೂ ಅವರದೇ ಮಾತು ನಡೀತಿತ್ತು. ಆ ಉಪಚುನಾವಣೆ ಹೊತ್ತಿಗೆ ಅಮ್ಮ ಹೊಸದಾಗಿ ಮದುವೆಯಾಗಿ ಬಂದಿದ್ದಳು. ಅತ್ತೆ ಜೊತೆ ಎರಡು ಮೈಲಿ ನಡೆದು ಹೋಗಿ ಓಟು ಹಾಕಿದ್ದಳಂತೆ. ಯಾರಿಗೆ ಹಾಕಿದೆ ಅಂತ ಅಪ್ಪ ಸಾಯೋವರೆಗೂ ಕೇಳಿದರು, ಹೇಳಲಿಲ್ಲ. ನನಗೂ ಹೇಳಿಲ್ಲ.

ಅಧಿಕಾರಿ ನಿಜವಾಗಿಯೂ ಲೆಕ್ಕ ಹಾಕಿದರು. ಆಗ ಓಟಿನ ವಯಸ್ಸು 21. ಅದು 18ಕ್ಕೆ ಇಳಿದದ್ದು 61ನೇ ತಿದ್ದುಪಡಿಯಾಗಿ 1989ರಲ್ಲಿ. ಕಾರ್ಡ್ ನಂಬಿದರೂ ಅಮ್ಮನಿಗೆ 1978ರಲ್ಲಿ ಇಪ್ಪತ್ತೊಂದು ತುಂಬಿರುತ್ತೆ, ಆಧಾರ್ ನಂಬಿದರೆ ಇನ್ನೂ ಜಾಸ್ತಿ. ಪೆನ್ನು ಕೆಳಗಿಟ್ಟು, "ಎರಡರಲ್ಲಿ ಯಾವುದು ಸರಿಯಾದ್ರೂ ಹದಿನೆಂಟಂತೂ ಆಗಿದೆ ಬಿಡಿ ಅಜ್ಜಿ" ಅಂದರು. ಹೆಸರಿನ 'ಮ್ಮ' ಬಗ್ಗೆ ಒಂದು ಹೇಳಿಕೆ ಬರೆಸಿಕೊಂಡರು. ಅಮ್ಮ ನಿಧಾನಕ್ಕೆ, ಒಂದೊಂದೇ ಅಕ್ಷರ ಕೂಡಿಸಿ, 'ಮ್ಮ' ಸೇರಿಸಿಯೇ ಸಹಿ ಮಾಡಿದಳು.

ನೆಟ್ಟಗೆ ಯೋಚಿಸಿದರೆ ಆ ಪ್ರಶ್ನೆ ಮೊದಲೇ ಅಷ್ಟು ಸರಳವಾಗಿತ್ತು. ಸಂವಿಧಾನದ 326ನೇ ವಿಧಿ ಕೇಳೋದೇ ಅಷ್ಟು: ಈ ದೇಶದ ಪ್ರಜೆಯಾ, ಹದಿನೆಂಟು ತುಂಬಿದೆಯಾ. ಕಾನೂನಿನಲ್ಲಿ ಹೇಳಿದ ಕಾರಣಕ್ಕೆ ಅನರ್ಹರಾಗಿಲ್ಲ ತಾನೇ? ಆದರೆ ನಾವು ಫೈಲಿಗೆ ಸೇರಿಸಿದ ಕಾಗದ ಒಟ್ಟು ಹದಿನಾಲ್ಕು ಹಾಳೆ.

ಈ ಓಡಾಟದಲ್ಲಿ ಸಿಕ್ಕವರ ಹತ್ತಿರವೆಲ್ಲ ಮಾತಾಡಿದ್ದೀನಿ. ಕೆಲವರು, "ಕಟ್ಟುನಿಟ್ಟು ಇರಬೇಕು ಬಿಡಿ, ಇಲ್ಲದಿದ್ರೆ ಸತ್ತವರೂ ಓಟು ಹಾಕ್ತಾರೆ" ಅಂದರು. ಅದೂ ಸುಳ್ಳಲ್ಲ. ಹಳೇ ಪಟ್ಟಿ ತೆಗೆದರೆ ನಮ್ಮ ಬೂತಲ್ಲೇ ತಿಥಿ ಆಗಿ ಐದು ವರ್ಷವಾದವರ ಹೆಸರು ಸಿಗುತ್ತಿತ್ತು. ಪಟ್ಟಿ ಚೊಕ್ಕ ಮಾಡಲೇಬೇಕು. ಆದರೆ ಅಕ್ಕಿ ಆರಿಸುವಾಗ ಕಲ್ಲಿನ ಜೊತೆ ಎಷ್ಟು ಅಕ್ಕಿ ಹೋಯಿತು ಅಂತಲೂ ಮೊರ ನೋಡಬೇಕಲ್ಲ. ನಮ್ಮ ಮನೆಯಲ್ಲಿ ಯಾರ ದುರುದ್ದೇಶವೂ ಇರಲಿಲ್ಲ. ಕಲಬುರಗಿ ಜಿಲ್ಲೆಯ ಆಳಂದದಲ್ಲಿ ಹಾಗಲ್ಲ. ಅದೇ 2023ರ ಚುನಾವಣೆಗೆ ಮುಂಚೆ ಹೆಸರು ತೆಗೆಸೋಕೆ ಆನ್‌ಲೈನಲ್ಲಿ 6,018 ಅರ್ಜಿ ಬಿದ್ದಿದ್ದವು. ಪರಿಶೀಲನೆ ಮಾಡಿದಾಗ ಸರಿಯಿದ್ದದ್ದು 24. ಅಲ್ಲಿ ಯಾರೋ ಹೋಗಿ ನೋಡಿದ್ದಕ್ಕೆ ಉಳಿದವರ ಹೆಸರು ಉಳಿಯಿತು. 2025ರಲ್ಲಿ ಬಿಹಾರದ ವಿಶೇಷ ಪರಿಷ್ಕರಣೆಯ ಕರಡಿನಲ್ಲಿ 65 ಲಕ್ಷ ಹೆಸರು ಬಿಟ್ಟುಹೋದಾಗ, ಯಾರ ಹೆಸರು, ಯಾವ ಕಾರಣ ಅಂತ ಬಹಿರಂಗವಾಗಿ ಹಾಕಿ ಅಂತ ಸುಪ್ರೀಂ ಕೋರ್ಟ್ ಆಗಸ್ಟ್ 14ರಂದು ಹೇಳಬೇಕಾಯಿತು. ಆ ಸುದ್ದಿ ಓದಿದಾಗ ನನಗೆ ಹಿತ್ತಿಲ ಕಿಟಕಿಯ ನೋಟಿಸ್ ನೆನಪಾಯಿತು.

2024ರ ಜನವರಿಯ ಅಂತಿಮ ಪಟ್ಟಿಯಲ್ಲಿ ಅಮ್ಮನ ಹೆಸರು ಬಂತು. ಆಫೀಸಲ್ಲಿ ಊಟದ ಹೊತ್ತಿಗೆ ಮೊಬೈಲಲ್ಲಿ ನೋಡಿದೆ. ಡಬ್ಬಿ ಮುಚ್ಚಿಟ್ಟು ತಕ್ಷಣ ಫೋನ್ ಮಾಡಿದೆ. "ಮ್ಮ ಇದೆಯಾ?" ಅಂತ ಕೇಳಿದಳು. ಇತ್ತು.

ಏಪ್ರಿಲ್ 26, ಲೋಕಸಭೆ ಚುನಾವಣೆ. ಉಡುಪಿ-ಚಿಕ್ಕಮಗಳೂರಿಗೂ ಹಾಸನಕ್ಕೂ ಒಂದೇ ದಿನ. ಮತ್ತೆ ಅದೇ ಏಳು ಗಂಟೆ, ಅದೇ ಬೇಲೂರು ಬಸ್ಸು. ಈ ಸಲ ತಮಾಷೆ ಏನಂದರೆ ಹೆಸರಿತ್ತು, ಕಾರ್ಡ್ ಇರಲಿಲ್ಲ. ಹೊಸ ಕಾರ್ಡ್ ಪೋಸ್ಟಲ್ಲಿ ಬಂದಿರಲಿಲ್ಲ. ಅಮ್ಮನಿಗೆ ಹಿಂದಿನ ರಾತ್ರಿ ನಿದ್ದೆ ಇಲ್ಲ. ನಾನು ಫೋನಲ್ಲಿ ಹತ್ತು ಸಲ ಹೇಳಿದ್ದೆ, ಕಾರ್ಡ್ ಇಲ್ಲದಿದ್ದರೂ ಬೇರೆ 12 ಥರದ ದಾಖಲೆಯಲ್ಲಿ ಯಾವುದಾದರೂ ಒಂದು ಸಾಕು ಅಂತ. ಆಧಾರ್, ನರೇಗಾ ಜಾಬ್ ಕಾರ್ಡ್, ಫೋಟೋ ಇರುವ ಬ್ಯಾಂಕ್ ಅಥವಾ ಪೋಸ್ಟ್ ಆಫೀಸ್ ಪಾಸ್‌ಬುಕ್, ಡ್ರೈವಿಂಗ್ ಲೈಸೆನ್ಸ್, ಪಾನ್, ಪಾಸ್‌ಪೋರ್ಟ್, ಪಿಂಚಣಿ ದಾಖಲೆ, ಇಂಥವು. ಬಿಎಲ್‌ಒ ಮನೆಗೆ ತಂದುಕೊಡುವ ಚೀಟಿ ಮಾತ್ರ ಸಾಲಲ್ಲ, 2019ರಿಂದ ಅದನ್ನು ಗುರುತಿನ ದಾಖಲೆ ಅಂತ ಒಪ್ಪಲ್ಲ. ಅಮ್ಮ ಯಾವುದನ್ನೂ ನಂಬದೆ ಎಲ್ಲವನ್ನೂ ಸಂಚಿಗೆ ತುಂಬಿಕೊಂಡಿದ್ದಳು. ಸುಣ್ಣದ ಕಲೆಯ ಹಳೇ ಕಾರ್ಡೂ ಸೇರಿ.

ಅದೇ ರೂಮು. ಮೊದಲ ಟೇಬಲ್ಲಿನವರು ಬೇರೆ. ಆಧಾರ್ ನೋಡಿದರು, ಪಟ್ಟಿ ನೋಡಿದರು, ಕ್ರಮಸಂಖ್ಯೆಯನ್ನೂ ಹೆಸರನ್ನೂ ಗಟ್ಟಿಯಾಗಿ ಕೂಗಿದರು. ಬಾಗಿಲ ಹೊರಗೆ ನನಗೂ ಕೇಳಿಸಿತು. ಅಮ್ಮ ಎಡಗೈ ಚಾಚಿದಳು. ಉಗುರಿನ ತುದಿಯಿಂದ ಮೊದಲ ಗೆಣ್ಣಿನವರೆಗೆ ಮೈಸೂರಿನ ಮಸಿಯ ಗೀಟು ಎಳೆದರು. ಕೋಲು ಊರಿಕೊಂಡು ರಟ್ಟಿನ ಮರೆಯ ಹಿಂದೆ ಹೋದಳು. ಒಂದಷ್ಟು ಹೊತ್ತು ಏನೂ ಇಲ್ಲ. ಇವಳು ಬಟನ್ ಹುಡುಕ್ತಿದಾಳಾ ಅಂತ ನನಗೆ ಗಾಬರಿ. ಆಮೇಲೆ ಬೀಪ್ ಅಂತು.

"ಯಾಕಮ್ಮ ಅಷ್ಟು ಹೊತ್ತು?"

"ಎಲ್ಲ ಹೆಸರೂ ಓದಿದೆ. ಒಂದು ವರ್ಷ ಕಾದಿದೀನಲ್ಲ."

ವಾಪಸ್ ಬರುವಾಗ ಸೆರಗು ಸರಿಮಾಡುವ ನೆಪದಲ್ಲಿ ಎಡಗೈಯನ್ನು ಎದೆ ಮೇಲೇ ಇಟ್ಟುಕೊಂಡಿದ್ದಳು. ಯಾರೂ ಕೇಳದಿದ್ದರೂ ಇಬ್ಬರಿಗೆ ತೋರಿಸಿದಳು.

ಹೊಸ ಕಾರ್ಡ್ ಜೂನಲ್ಲಿ ಬಂತು. ಬಣ್ಣದ ಫೋಟೋ, ಹಿಂದೆ ನಾನು ಹಿಡಿದ ಪಂಚೆಯ ಮಡಿಕೆಯೂ ಕಾಣುತ್ತೆ. ಹಳೇದು ಬಿಸಾಕು, ಅದು ಇನ್ನು ನಡೆಯಲ್ಲ ಅಂದೆ. "ಇರ್ಲಿ ಬಿಡು, ಅದ್ರಲ್ಲಿ ಹಲ್ಲೆಲ್ಲ ಇದಾವೆ" ಅಂತ ಎರಡನ್ನೂ ಸಂಚಿಯಲ್ಲೇ ಇಟ್ಟುಕೊಂಡಳು.

ಈಗ ಪ್ರತಿ ಸಲ ಪಟ್ಟಿ ಪರಿಷ್ಕರಣೆ ಅಂತ ಟೀವಿಯಲ್ಲಿ ಬಂದರೆ ನನಗೆ ಊರಿಂದ ಫೋನ್ ಬರುತ್ತೆ.

"ನಾನು ಇದೀನಾ ನೋಡೇ."

ನೋಡ್ತೀನಿ. ಭಾಗ ಸಂಖ್ಯೆ, ಕ್ರಮಸಂಖ್ಯೆ ಓದಿ ಹೇಳ್ತೀನಿ.

"ಇದೀಯ ಕಣಮ್ಮ."

"ಸರಿ ಇಡು, ಒಲೆ ಮೇಲೆ ಹಾಲಿದೆ."